ಟವರಿನ ಬುಡದಲ್ಲಿ ಎರಡು ಬೂಸ್ಟರ್

ಆಂಟೆನಾ ಮಾಮನ ತಲೆಯ ಮೇಲೆ ಈಗ ಉಳಿದಿರುವ ಕೂದಲನ್ನು ಎಣಿಸಿ ಮುಗಿಸಲು ಒಂದು ಲೋಟ ಚಹಾ ಆರುವಷ್ಟು ಹೊತ್ತು ಸಾಕು. ಮಿಕ್ಕದ್ದನ್ನೆಲ್ಲ ತನ್ನ ವೆಬ್‌ಸೈಟಿನ ಓದುಗರು ಕಿತ್ತುಕೊಂಡು ಹೋದರು ಎಂದು ಅವನು ಹೇಳುತ್ತಾನೆ. ಅವನ ಹೆಂಡತಿಯನ್ನು ಕೇಳಿದರೆ, ಮದುವೆಯ ಫೋಟೋದಲ್ಲೇ ಆ ತಲೆ ಕ್ಯಾಮೆರಾದ ಬೆಳಕನ್ನು ವಾಪಸ್ ಕಳಿಸುತ್ತಿತ್ತು, ಪಾಪದ ಓದುಗರ ಮೇಲೆ ಯಾಕೆ ಹೊರಿಸಬೇಕು ಎನ್ನುತ್ತಾಳೆ.

ಅವನ ಹೊಟ್ಟೆಪಾಡಿನ ಕೆಲಸ ಬೇರೆ. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಕಣ್ಣಿನ ಡಾಕ್ಟರು ಬರೆದುಕೊಟ್ಟ ನಂಬರಿಗೆ ಗಾಜು ಉಜ್ಜಿ, ಅಂಚು ತೀಡಿ, ಫ್ರೇಮಿಗೆ ಕೂರಿಸುವುದು. ಊರಿನ ಅರ್ಧ ಮೂಗುಗಳ ಮೇಲೆ ಕೂತಿರುವುದು ಅವನದೇ ಕೈಕೆಲಸ. ಹಗಲೆಲ್ಲ ಮಬ್ಬನ್ನು ಉಜ್ಜಿ ತೆಗೆಯುವವನಿಗೆ ಸಂಜೆ ಮನೆಗೆ ಬಂದಾಗ ಟಿವಿಯಲ್ಲಿ ಮಬ್ಬು ಕಂಡರೆ ಹೇಗೆ ಸಹಿಸಲು ಸಾಧ್ಯ? ಒಮ್ಮೆ ಕೇಬಲ್ಲಿನವನ ಜೊತೆ ಜಗಳವಾಗಿ ಅವನು ತಂತಿ ಕತ್ತರಿಸಿಕೊಂಡು ಹೋದ ಮೇಲೆ, ಮಾಮ ಸಿಟ್ಟಿಗೆ ಒಂದು ತಾಮ್ರದ ತಂತಿಯನ್ನು ಬಾಗಿಸಿ ಟಿವಿಯ ಹಿಂದೆ ಸಿಕ್ಕಿಸಿದ. ಕನ್ನಡಿಯಷ್ಟು ಸ್ವಚ್ಛವಾದ ಚಿತ್ರ ಒಂದು ಉಸಿರಿನಷ್ಟು ಹೊತ್ತು ಬಂದು ಮಾಯವಾಯಿತು. ಅಷ್ಟೇ. ಕೆಲವರಿಗೆ ಪ್ರೇಮ ಹೀಗೆ ಹತ್ತುತ್ತದೆ ಎಂದು ಕೇಳಿದ್ದೇವೆ. ಮಾಮನಿಗೆ ಆಂಟೆನಾ ಹತ್ತಿತು.

ಅವನ ಮನೆ ಇರುವುದು ಗುಡ್ಡದ ಹಿಂದೆ. ಟವರ್ ಗುಡ್ಡದ ಆಚೆ. ಆ ಓಣಿಗೆ ಬರುವ ಸಿಗ್ನಲ್ ಗುಡ್ಡ ಹತ್ತಿ ಇಳಿದು, ಏದುಸಿರು ಬಿಡುತ್ತಾ, ಯಾರದಾದರೂ ಜಗಲಿಯ ಮೇಲೆ ಕೂತು ನೀರು ಕೇಳುವ ಸ್ಥಿತಿಯಲ್ಲಿರುತ್ತದೆ. ಅಂಥ ಬಡಪಾಯಿಯನ್ನು ಕೈಹಿಡಿದು ಮನೆಯೊಳಗೆ ಕರೆತರಲು ಮಾಮ ಮಾಳಿಗೆಯ ಮೇಲೆ ಒಂದು ಆಂಟೆನಾ ಕಟ್ಟಿದ. ಅದು ಸಾಲದೆಂದು ಇನ್ನೊಂದು. ಕೊನೆಗೆ ಅಲ್ಲಿ ಎದ್ದು ನಿಂತದ್ದನ್ನು ನೋಡಿ, ವಲಸೆ ಹಕ್ಕಿಗಳು ದಾರಿ ಬದಲಿಸಿದವು ಎಂದು ಪಕ್ಕದ ಮನೆಯವರು ಆಣೆಯಿಟ್ಟು ಹೇಳುತ್ತಾರೆ. ಹೆಂಡತಿ ಅದರ ಮೇಲೆ ಬಟ್ಟೆ ಒಣಹಾಕಿದಳು. ಒದ್ದೆ ಟವೆಲ್ ಒಂದು ಚಾನೆಲ್ಲನ್ನೂ ದಪ್ಪ ಚಾದರ ಮೂರು ಚಾನೆಲ್ಲುಗಳನ್ನೂ ನುಂಗುತ್ತದೆ ಎಂಬುದನ್ನು ಮಾಮ ಕಂಡುಹಿಡಿದದ್ದು ಹಾಗೆ.

ಇಷ್ಟೆಲ್ಲ ತಿಳಿದ ಮೇಲೆ ಸುಮ್ಮನಿರಲಾಗುತ್ತದೆಯೇ? ‘ಗಾಳಿಚಿತ್ರ’ ಎಂಬ ವೆಬ್‌ಸೈಟ್ ಶುರುವಾಯಿತು. ಯಾವ ಬಡಾವಣೆಯವರು ಆಂಟೆನಾವನ್ನು ಯಾವ ದಿಕ್ಕಿಗೆ ತಿರುಗಿಸಬೇಕು, ಎಷ್ಟು ಎತ್ತರ ಬೇಕು, ಯಾವ ಚಾನೆಲ್ ಗಾಳಿಯಲ್ಲೇ ಪುಕ್ಕಟೆ ಸಿಗುತ್ತದೆ, ಎಲ್ಲವೂ ಅಲ್ಲಿತ್ತು. ಮೊದಲ ಪುಟದ ನೆತ್ತಿಯ ಮೇಲೆ, ಕನ್ನಡಕವಿಲ್ಲದವರಿಗೂ ಕಾಣುವ ಅಕ್ಷರಗಳಲ್ಲಿ, ‘ಪ್ರಶ್ನೆ ಕೇಳುವ ಮೊದಲು ಇದನ್ನು ಓದಿ’ ಎಂದು ಹಾಕಿ, ಅದರ ಕೆಳಗೆ ತನಗೆ ತಿಳಿದದ್ದನ್ನೆಲ್ಲ ಬರೆದಿಟ್ಟಿದ್ದ.

ಯಾರೂ ಓದಲಿಲ್ಲ. ಓದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪ್ರಶ್ನೆಗಳು ಮಾತ್ರ ಇರುವೆ ಸಾಲಿನ ಹಾಗೆ ಬಂದವು. ‘ಸಾರ್, ಆಂಟೆನಾಗೆ ಯಾವ ಬಣ್ಣ ಬಳಿದರೆ ಬಣ್ಣದ ಚಿತ್ರ ಚೆನ್ನಾಗಿ ಬರುತ್ತದೆ?’ ‘ಅಣ್ಣಾ, ನಮ್ಮ ಫ್ರಿಜ್ ರಾತ್ರಿ ಗೊರಗೊರ ಅನ್ನುತ್ತದೆ, ಟವರಿಗೆ ಹೇಳಿ ಸರಿಮಾಡಿಸುವಿರಾ?’ ಒಬ್ಬರು ತಮ್ಮ ಅತ್ತೆಯ ಮನೆಯಲ್ಲಿ ಯಾವ ಚಾನೆಲ್ಲೂ ಬಾರದಂತೆ ಮಾಡಲು ಉಪಾಯ ಕೇಳಿದ್ದರು. ಮಾಮ ಅಂಗಡಿಯಿಂದ ಬಂದು, ಕೈಕಾಲು ತೊಳೆದು, ಊಟದ ಮೇಜಿನ ಒಂದು ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಹಲ್ಲು ಕಚ್ಚಿಕೊಂಡು ಒಬ್ಬೊಬ್ಬರಿಗೂ ಉತ್ತರ ಬರೆಯುತ್ತಿದ್ದ. ಪ್ರತಿ ಉತ್ತರದ ಮೊದಲ ಸಾಲು ಒಂದೇ: ‘ಮೊದಲ ಪುಟದಲ್ಲೇ ಬರೆದಿದೆ, ಓದಿಲ್ಲವೇ?’

“ರೀ, ಅವರು ಓದಲ್ಲ, ನೀವು ಬಿಡಲ್ಲ. ಇಬ್ಬರಿಗೂ ಬೇರೆ ಕೆಲಸ ಇಲ್ಲ,” ಎನ್ನುತ್ತಿದ್ದಳು ಹೆಂಡತಿ. “ತಟ್ಟೆ ಇಡಬೇಕು, ಆ ಪೆಟ್ಟಿಗೆ ಆ ಕಡೆ ಸರಿಸಿ.”

ಇದೆಲ್ಲ ಸಹಿಸಬಹುದಾಗಿತ್ತು. ಸಹಿಸಲಾಗದ್ದು ಅಕ್ಕನ ಮನೆಯ ಟಿವಿ.

ಮಾಮನ ಅಕ್ಕ ಒಂದು ಕಾಲದಲ್ಲಿ ನಾಟಕದವರಿಗೆ, ಸೀರಿಯಲ್ಲಿನವರಿಗೆ ಬಟ್ಟೆ ಹೊಲಿಯುತ್ತಿದ್ದವಳು. ರಾಜರು, ಸೇನಾಪತಿಗಳು, ದಾಸಿಯರು ಎಲ್ಲರೂ ಅವಳ ಮಿಶಿನ್ನಿನ ಸೂಜಿಯ ಕೆಳಗಿಂದಲೇ ಹಾದು ಅರಮನೆ ಸೇರಬೇಕಿತ್ತು. ಆಗ ಒಂದು ರಾಜರ ಸೀರಿಯಲ್ ಬಂದಿತ್ತು. ಅದರ ಪಟ್ಟಾಭಿಷೇಕದ ಕಂತಿಗೆ ಅವಳು ಹೊಲಿದ ನಿಲುವಂಗಿಯ ಸುದ್ದಿ ಮನೆತನದಲ್ಲಿ ಎಷ್ಟು ಬೆಳೆದಿದೆಯೆಂದರೆ, ಈಗ ಅದರ ತೋಳೊಂದನ್ನೇ ಹಾಸಿದರೂ ಇಡೀ ಬಸ್ ನಿಲ್ದಾಣ ಮುಚ್ಚಿಹೋಗುತ್ತದೆ. ಆದರೆ ಅಕ್ಕ ಆ ಕಂತನ್ನು ನೋಡಿರಲಿಲ್ಲ. ಅದು ಟಿವಿಯಲ್ಲಿ ಬಂದ ಹೊತ್ತಿಗೆ ಅವಳು ಮುಂದಿನ ಕಂತಿನ ಸೈನಿಕರಿಗೆ ಚಲ್ಲಣ ಹೊಲಿಯುತ್ತಾ ಕೂತಿದ್ದಳು.

ಭಾವ ಆ ಕಾಲದಲ್ಲಿ ಬಟ್ಟೆಗಳನ್ನು ಸ್ಟುಡಿಯೋಗೆ ಸಾಗಿಸುವ ವ್ಯಾನಿನ ಡ್ರೈವರು. ಪಟ್ಟಾಭಿಷೇಕದ ಚಿತ್ರೀಕರಣದ ದಿನ ಅವರು ಸ್ಟುಡಿಯೋದಲ್ಲೇ ಇದ್ದರು. ಮದುವೆಯಾದಾಗಿನಿಂದ ಅವರದು ಒಂದೇ ಮಾತು.

“ನಾನು ಕಣ್ಣಾರೆ ನೋಡಿದ್ದೀನಿ. ರಾಜನ ಬೆನ್ನ ಮೇಲೆ ಸಾಲಾಗಿ ಪಿನ್ನು. ರೈಲು ಹಳಿ ಹಾಗೆ. ಮೇಲಿಂದ ಕೆಳಗಿನ ತನಕ.”

“ನಾನು ಹೊಲಿದ ಬಟ್ಟೆಗೆ ಪಿನ್ನಾ?” ಎನ್ನುತ್ತಿದ್ದಳು ಅಕ್ಕ. “ನನ್ನ ಮೈಗೆ ಚುಚ್ಚಿದ್ದರೂ ಇಷ್ಟು ನೋಯ್ತಿರಲಿಲ್ಲ. ಕಂಡಿದ್ದು ನೀವು ಬೇರೆ ಯಾರನ್ನೋ. ವ್ಯಾನಲ್ಲಿ ಕೂತು ನಿದ್ದೆ ಮಾಡ್ತಿದ್ರಲ್ಲ, ಕನಸಿರಬೇಕು.”

ಈ ಜಗಳಕ್ಕೆ ಕೂದಲು ನರೆತು, ಹಲ್ಲು ಬಿದ್ದು, ಕಿವಿಯೂ ಸ್ವಲ್ಪ ಮಂದವಾಗಿತ್ತು. ಕಿವಿಯ ವಿಷಯ ಭಾವನಿಗೆ ಸಂಬಂಧಪಟ್ಟದ್ದು. ಹೀಗಿರುವಾಗ, ಗಾಳಿಯಲ್ಲಿ ಪುಕ್ಕಟೆ ಬರುವ ಒಂದು ಚಾನೆಲ್ಲು ಆ ಹಳೆಯ ಸೀರಿಯಲ್ಲನ್ನು ಮತ್ತೆ ಹಾಕತೊಡಗಿತು. ಕೇಬಲ್ಲಿನಲ್ಲಿಲ್ಲ, ಡಿಶ್ಶಿನಲ್ಲಿಲ್ಲ, ಫೋನಿನಲ್ಲಿ ಹುಡುಕಿದರೂ ಇಲ್ಲ. ಪಟ್ಟಾಭಿಷೇಕದ ಕಂತು ಬರುವ ಶುಕ್ರವಾರ ಸಂಜೆ. ಒಮ್ಮೆ ಹೋದರೆ ಹೋಯಿತು.

ಅಕ್ಕ ತಮ್ಮನಿಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: “ನೋಡೋ, ಶುಕ್ರವಾರ ನನ್ನ ಮರ್ಯಾದೆ ಟಿವಿಲಿ ಬರುತ್ತೆ. ಆ ನಿಲುವಂಗಿ ಬೆನ್ನು ನಾನು ನೋಡಬೇಕು, ಇವರಿಗೆ ತೋರಿಸಬೇಕು, ಆಮೇಲೆ ಸಾಯೋವರೆಗೂ ಇವರ ಬಾಯಿ ಮುಚ್ಚಿರಬೇಕು. ಚಿತ್ರ ಚೂರುಚೂರಾಗಿ ಬರ್ತಿದೆ. ಬಂದು ಸರಿ ಮಾಡು.”

ಚಿತ್ರ ಚೂರಾಗಲು ಶುರುವಾದದ್ದು ಇತ್ತೀಚೆಗೆ. ಆ ಚಾನೆಲ್ಲಿನವರು ಗುಡ್ಡದ ಆಚೆಯ ಹಳೆಯ ಟವರ್ ಬಿಟ್ಟು ಹೊಸ ಟವರಿಗೆ ಬಂದಿದ್ದರು. ಹೊಸ ಟವರ್ ಎದ್ದದ್ದು ಅಕ್ಕನ ಓಣಿಯ ಹಿಂದೆಯೇ, ನೀರಿನ ಟ್ಯಾಂಕಿನ ಪಕ್ಕ. ಅಕ್ಕ ಹಿತ್ತಿಲಿನಲ್ಲಿ ನಿಂತು ಜೋರಾಗಿ ಸೀನಿದರೆ ಟವರಿನ ಕೆಂಪು ದೀಪ ಅಲುಗಾಡುತ್ತದೆ, ಅಷ್ಟು ಹತ್ತಿರ. ಈ ಬದಲಾವಣೆಯನ್ನು ಊರಿಗೆಲ್ಲ ಮೊದಲು ಸಾರಿದ್ದು ‘ಗಾಳಿಚಿತ್ರ’ವೇ. ಆಂಟೆನಾ ಹೊಸ ದಿಕ್ಕಿಗೆ ತಿರುಗಿಸಿ, ಟಿವಿಯಲ್ಲಿ ಚಾನೆಲ್‌ಗಳನ್ನು ಮತ್ತೆ ಹುಡುಕಿಸಿ ಎಂದು ಮಾಮ ದಪ್ಪಕ್ಷರದಲ್ಲಿ ಹಾಕಿದ್ದ.

ಮಾಮ ಅಕ್ಕನ ಮನೆಗೆ ಹೋದ. ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿದ, ಕೆಳಗಿಳಿದು ಚಾನೆಲ್ ಹುಡುಕಿಸಿದ. ರಾಜನ ಮುಖ ಬಂತು, ಮೂಗು ಒಂದು ಕಡೆ, ಕಿರೀಟ ಒಂದು ಕಡೆ. ಪರದೆಯ ತುಂಬ ಚೌಕ ಚೌಕ. ಮಾತು ಬಿಕ್ಕಳಿಕೆ ಬಂದವನ ಹಾಗೆ ಕತ್ತರಿಸಿ ಕತ್ತರಿಸಿ ಬರುತ್ತಿತ್ತು.

ಗುಡ್ಡದ ಹಿಂದೆ ಬದುಕಿದವನಿಗೆ ಇದರ ಅರ್ಥ ಒಂದೇ: ಸಿಗ್ನಲ್ ಸಾಲದು. ಹಸಿವು ಬಿಟ್ಟರೆ ಬೇರೆ ಕಾಯಿಲೆಯನ್ನೇ ಕಾಣದ ಡಾಕ್ಟರಿನ ಹಾಗೆ, ಮಾಮನಿಗೆ ಗೊತ್ತಿದ್ದ ಔಷಧಿ ಊಟವೊಂದೇ. ಹಳೆಯ ಟವರ್ ದೂರವಿದ್ದ ಕಾಲದಲ್ಲಿ ಅವನೇ ಹಾಕಿದ್ದ ಬೂಸ್ಟರ್ ಒಂದು ಅಲ್ಲಿತ್ತು. ಸಿಗ್ನಲ್ಲನ್ನು ಹಿಗ್ಗಿಸಿ ಟಿವಿಗೆ ಉಣಿಸುವ ಅಂಗೈಯಗಲದ ಡಬ್ಬಿ ಅದು. ಮಾಮ ಅದರ ಬೆನ್ನಿಗೆ ಎರಡನೆಯ ಬೂಸ್ಟರನ್ನೂ ಸಿಕ್ಕಿಸಿದ. ರಾಜ ಪೂರ್ತಿ ಮಾಯವಾದ. ಟಿವಿಯ ಮೂಲೆಯಲ್ಲಿ ಸಿಗ್ನಲ್ಲಿನ ಪಟ್ಟಿ ಮಾತ್ರ ಈ ತುದಿಯಿಂದ ಆ ತುದಿಗೆ ತುಂಬಿ ತುಳುಕುತ್ತಿತ್ತು.

“ಪೂರ್ತಿ ಇದೆ ಅಂತ ತೋರಿಸ್ತಿದೆಯಲ್ಲೋ,” ಎಂದಳು ಅಕ್ಕ.

“ಟಿವಿ ಸುಳ್ಳು ಹೇಳ್ತಿದೆ,” ಎಂದ ಮಾಮ.

“ಟಿವಿಗೆ ಏನು ಬಂತು ಸುಳ್ಳು ಹೇಳೋಕೆ?”

“ಅಕ್ಕಾ, ನನಗೆ ಬಿಡು. ಊರಿಗೆಲ್ಲ ಹೇಳಿಕೊಡೋನು ನಾನು.”

“ಊರು ನಿನ್ನ ಮುಂದೆ ಇಲ್ಲ. ನಾನು ಇದ್ದೀನಿ.”

ಭಾವ ಪೇಪರು ಮಡಿಸಿ ತೊಡೆಯ ಮೇಲಿಟ್ಟುಕೊಂಡು, “ಬಿಡೇ, ಪಾಪ. ಪಿನ್ನು ಕಾಣಬಾರದು ಅಂತ ದೇವರಿಗೇ ಮನಸ್ಸಿರಬೇಕು,” ಎಂದರು. ಅಕ್ಕ ಅವರನ್ನು ನೋಡಿದ ನೋಟದಲ್ಲಿ ಇಸ್ತ್ರಿ ಪೆಟ್ಟಿಗೆ ಕಾಯಿಸಬಹುದಿತ್ತು.

ಮಾಮ ಕಂಬ ಎತ್ತರಿಸಿದ. ಕೇಬಲ್ ಬದಲಿಸಿದ. ಆಂಟೆನಾವನ್ನು ಟವರಿನ ಕಡೆ ಎಷ್ಟು ನೇರವಾಗಿ ಹಿಡಿದನೆಂದರೆ, ಇನ್ನು ಟವರಿನವರು ಅದಕ್ಕೆ ಕೈಕುಲುಕುವುದಷ್ಟೇ ಬಾಕಿ. ಹೆಚ್ಚು ಮಾಡಿದಷ್ಟೂ ಹೆಚ್ಚು ಕೆಟ್ಟಿತು. ಅಕ್ಕ ಫೋನಿನಲ್ಲಿ ಏನು ಕೇಳಿದರೂ, “ಏನೂ ಮುಟ್ಟಬೇಡ, ನಾನೇ ಬರ್ತೀನಿ” ಎಂಬ ಒಂದೇ ಉತ್ತರ. ಬಂದು ಮಾಡುವುದೇನೆಂಬುದು ಅವಳಿಗೆ ಗೊತ್ತಿತ್ತು: ಮತ್ತೆ ಮಾಳಿಗೆ ಹತ್ತುವುದು.

ಗುರುವಾರ ಸಂಜೆ ಮಾಮ ಅಂಗಡಿಯಿಂದ ಬರುವಾಗ ಮೂರನೆಯ ಬೂಸ್ಟರ್ ಕೊಂಡು ತಂದ. ಮೊದಲಿನೆರಡನ್ನೂ ನಾಚಿಸುವಷ್ಟು ದೊಡ್ಡದು. ಅದನ್ನು ಮೇಜಿನ ಮೇಲಿಟ್ಟುಕೊಂಡು, ಓದುಗರ ಪ್ರಶ್ನೆಗಳನ್ನು ತೆರೆದ. ಮೊದಲಿಗೇ ಇದು:

‘ನಮ್ಮ ಮನೆ ಟವರಿನ ಬುಡದಲ್ಲೇ ಇದೆ. ನಮ್ಮ ಕಡೆಯವರೊಬ್ಬರು ಬಂದು ಎರಡು ಬೂಸ್ಟರ್ ಹಾಕಿದ್ದಾರೆ. ಸಿಗ್ನಲ್ ಪಟ್ಟಿ ತುಂಬಿದೆ, ಚಿತ್ರ ಚೂರಾಗಿದೆ. ಕೇಳಿದರೆ ಟಿವಿ ಸುಳ್ಳು ಹೇಳುತ್ತದೆ ಎನ್ನುತ್ತಾರೆ. ಏನು ಮಾಡಲಿ?’ ಕೆಳಗೆ ಹೆಸರಿನ ಜಾಗದಲ್ಲಿ ‘ಕತ್ತರಿ’ ಎಂದಿತ್ತು.

ಬುದ್ಧಿ ಸ್ಥಿಮಿತದಲ್ಲಿರುವ ಯಾರಿಗೂ ಇಷ್ಟು ಸಾಕಿತ್ತು. ಮಾಮನ ಬುದ್ಧಿ ಆ ಹೊತ್ತಿಗೆ ಮೂರನೆಯ ಬೂಸ್ಟರಿನ ಹತ್ತಿರ ಕೂತಿತ್ತು. ಅವನಿಗೆ ಕಂಡದ್ದು ಒಂದೇ, ಇನ್ನೊಬ್ಬ ಓದದ ಓದುಗ. ವಾರದಿಂದ ಅಕ್ಕನ ಮೇಲೆ, ಭಾವನ ಮೇಲೆ, ಟವರಿನ ಮೇಲೆ ತೋರಿಸಲಾಗದೆ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಕೈಬೆರಳಿಗೆ ಇಳಿಯಿತು. ಕೀಲಿಗಳು ಬೇಳೆ ಹುರಿದ ಹಾಗೆ ಚಟಪಟ ಸದ್ದು ಮಾಡಿದವು.

‘ಮೊದಲ ಪುಟದಲ್ಲೇ ಬರೆದಿದೆ, ಓದಿಲ್ಲವೇ? “ಟವರಿನ ಹತ್ತಿರ ಇರುವವರಿಗೆ” ಎಂಬ ಭಾಗ ನೋಡಿ. ಕಿವಿಯ ಪಕ್ಕದಲ್ಲೇ ನಗಾರಿ ಬಾರಿಸಿದರೆ ಹಾಡು ಯಾವುದೆಂದು ತಿಳಿಯುತ್ತದೆಯೇ? ಟಿವಿಗೂ ಹಾಗೆಯೇ. ಸಿಗ್ನಲ್ ಅತಿಯಾದರೂ ಚಿತ್ರ ಒಡೆಯುತ್ತದೆ. ಎರಡೂ ಬೂಸ್ಟರ್ ಬಿಸಾಕಿ. ಮಾಳಿಗೆಯ ಆಂಟೆನಾವೂ ಬೇಡ. ಟಿವಿಯ ಹಿಂದೆ ಒಂದು ಗೇಣು ತಂತಿ ಸಿಕ್ಕಿಸಿ, ಧಾರಾಳ ಸಾಕು. ನಿಮ್ಮ ಕಡೆಯ ಆ ಮಹಾನುಭಾವರನ್ನು ಮಾತ್ರ ದಯವಿಟ್ಟು ಮತ್ತೆ ಮಾಳಿಗೆ ಹತ್ತಿಸಬೇಡಿ. ಏಣಿ ಇದ್ದರೆ ಬಚ್ಚಿಡಿ.’

ಕಳಿಸಿದ ಮೇಲೆ ಮನಸ್ಸು ಎಷ್ಟು ಹಗುರವಾಯಿತೆಂದರೆ, ಅಂದು ಊಟ ಎರಡು ತುತ್ತು ಹೆಚ್ಚೇ ಸೇರಿತು. “ಎಂಥೆಂಥ ಜನ ಇರ್ತಾರೆ ನೋಡು,” ಎಂದು ಹೆಂಡತಿಗೆ ಓದಿ ಹೇಳಿದ. ಹೆಂಡತಿ ಕೇಳಿಸಿಕೊಂಡಳು, ಮೇಜಿನ ಮೇಲಿನ ಬೂಸ್ಟರ್ ನೋಡಿದಳು, ಗಂಡನನ್ನು ನೋಡಿದಳು.

“ಹೌದು ರೀ. ಇರ್ತಾರೆ,” ಎಂದು ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

ಶುಕ್ರವಾರ ಮಾಮ ಅಂಗಡಿಯಲ್ಲಿ ಅರ್ಧ ದಿನದ ರಜೆ ಕೇಳಿ, ಮೂರನೆಯ ಬೂಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಅಕ್ಕನ ಮನೆಗೆ ಹೋದ. ಏಣಿ ಅದರ ಜಾಗದಲ್ಲಿರಲಿಲ್ಲ. ಹಿತ್ತಿಲಲ್ಲಿಲ್ಲ, ಸಂದಿಯಲ್ಲಿಲ್ಲ.

“ಅಕ್ಕಾ, ಏಣಿ ಎಲ್ಲಿ?”

“ಬಚ್ಚಿಟ್ಟಿದ್ದೀನಿ.”

“ಯಾಕೆ?”

“ನನಗೆ ಗೊತ್ತಿರೋ ತಜ್ಞರೊಬ್ಬರು ಹಾಗೆ ಹೇಳಿದ್ರು.”

ಮಾಮ ಒಳಗೆ ಬಂದ. ಟಿವಿಯಲ್ಲಿ ಸಂಜೆಯ ವಾರ್ತೆ ಬರುತ್ತಿತ್ತು. ಓದುವವಳ ಕಿವಿಯೋಲೆಯ ಕಲ್ಲು ಎಣಿಸಬಹುದಿತ್ತು, ಅಷ್ಟು ಸ್ಪಷ್ಟ. ಮಾಳಿಗೆಯಿಂದ ಇಳಿದ ದಪ್ಪ ಕೇಬಲ್ಲು ಎರಡೂ ಬೂಸ್ಟರ್‌ಗಳನ್ನು ತಗುಲಿಸಿಕೊಂಡು ಟಿವಿಯ ಹಿಂದೆ ಅನಾಥವಾಗಿ ಬಿದ್ದಿತ್ತು. ಅದರ ಜಾಗದಲ್ಲಿ ಸಿಕ್ಕಿಸಿದ್ದು ಒಂದು ಗೇಣು ತಂತಿ.

ಅಕ್ಕ ಫೋನ್ ತೆರೆದು ಅವನ ಮುಂದೆ ಹಿಡಿದಳು. ಮಾಮ ತನ್ನ ಉತ್ತರವನ್ನು ತಾನೇ ಓದಿದ. ‘ಆ ಮಹಾನುಭಾವರು’ ಎಂಬಲ್ಲಿಗೆ ಬಂದಾಗ ಅವನ ಬೋಳು ತಲೆ ಕಿವಿಯಿಂದ ಕಿವಿಗೆ ಕೆಂಪಾಯಿತು. ಟವರಿನವರು ನೋಡಿದ್ದರೆ ತಮ್ಮ ದೀಪಕ್ಕೆ ಬದಲಿ ಸಿಕ್ಕಿತೆಂದು ಇಟ್ಟುಕೊಳ್ಳುತ್ತಿದ್ದರು.

“ನೇರವಾಗಿ ನನ್ನನ್ನೇ ಕೇಳೋಕೆ ಏನಾಗಿತ್ತು?” ಎಂದ.

“ಕೇಳಿದೆನಲ್ಲ. ಫೋನಲ್ಲಿ ನೀನು ನನ್ನ ತಮ್ಮ. ಮುಟ್ಟಬೇಡ ಅಂತೀಯ. ಅಲ್ಲಿ ನೀನು ತಜ್ಞ. ಬಿಸಾಕಿ ಅಂತೀಯ. ತಜ್ಞನ ಮಾತು ಕೇಳಿದೆ.” ಅಕ್ಕ ಕನ್ನಡಕ ಒರೆಸಿಕೊಂಡಳು. “ನಿನ್ನ ಮೊದಲ ಪುಟಾನೂ ಓದಿದೆ. ಚೆನ್ನಾಗಿ ಬರೆದಿದ್ದೀಯ. ನೀನೂ ಒಂದ್ಸಲ ಓದು.”

ಟವರಿನ ಹತ್ತಿರ ಇರುವವರಿಗೆಂಬ ಆ ಭಾಗ ಬರೆದದ್ದು ಯಾವಾಗಲೋ, ಟವರಿನ ಕಾವಲುಗಾರನೊಬ್ಬ ಪ್ರಶ್ನೆ ಕೇಳಿದ್ದಕ್ಕೆ. ಬರೆದು, ಹಾಕಿ, ಅದು ತನಗೂ ಅನ್ವಯಿಸುತ್ತದೆಂಬುದನ್ನು ಮರೆತು, ಅಂದಿನಿಂದ ಜಗತ್ತಿಗೆಲ್ಲ ಓದಿಲ್ಲವೇ ಓದಿಲ್ಲವೇ ಎಂದು ಗದರುತ್ತಾ ಬಂದಿದ್ದ. ಇದಕ್ಕೆ ಯಾರ ಮೇಲೆ ಸಿಟ್ಟಾಗುವುದೆಂದು ತಿಳಿಯದೆ ಮಾಮ ಮೂರನೆಯ ಬೂಸ್ಟರನ್ನು ಸೋಫಾದ ಅಡಿಗೆ ಕಾಲಿನಿಂದ ತಳ್ಳಿದ.

ಸೀರಿಯಲ್ ಶುರುವಾಯಿತು. ಭಾವ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡು, ಮಾಮನೇ ಉಜ್ಜಿಕೊಟ್ಟಿದ್ದ ಹೊಸ ಕನ್ನಡಕವನ್ನು ಮೂಗಿಗೇರಿಸಿದರು. “ಇವತ್ತು ಇತ್ಯರ್ಥ ಆಗಿಬಿಡಲಿ,” ಎಂದರು. ಮಾಮ ಇನ್ನೊಂದು ತಪ್ಪಾಗದಿರಲಿ ಎಂದು ಟಿವಿಯ ಪಕ್ಕದಲ್ಲೇ, ತಂತಿಗೆ ಕಾವಲು ನಿಂತ.

ಕಹಳೆ ಊದಿದರು. ರಾಜ ಬಾಗಿಲಲ್ಲಿ ಕಾಣಿಸಿಕೊಂಡ. ಮುಂಭಾಗದಿಂದ ನಿಲುವಂಗಿ ಧಗಧಗಿಸಿತು.

“ಕತ್ತಿನ ಪಟ್ಟಿ ನೋಡಿ,” ಎಂದಳು ಅಕ್ಕ. “ಒಂದು ಎಳೆ ಆಚೀಚೆ ಇದೆಯಾ? ಅಂಚು ನೋಡಿ. ಕೈಯಲ್ಲಿ ಹೊಲಿದಿದ್ದು, ಎಲ್ಲಾ ಕೈಯಲ್ಲಿ.”

ಅಷ್ಟರಲ್ಲಿ ಹೊಲಿಯುವವಳ ಕಣ್ಣು ರಾಜನ ಮುಖ ಬಿಟ್ಟು ಭುಜಕ್ಕೆ ಹೋಗಿತ್ತು. ಭುಜದ ಹೊಲಿಗೆ ಇರಬೇಕಾದ ಜಾಗದಲ್ಲಿರಲಿಲ್ಲ, ಹಿಂದಕ್ಕೆ ಜಗ್ಗಿತ್ತು. ಕಂಕುಳ ಬಿಗಿದಿತ್ತು. ಅಳತೆ ಕೊಟ್ಟ ದಿನದಿಂದ ಚಿತ್ರೀಕರಣದ ದಿನದ ಒಳಗೆ ರಾಜ ಅರಮನೆಯ ಊಟವನ್ನು ನಿಜವಾಗಿಯೂ ಉಂಡುಬಿಟ್ಟಿದ್ದ. ಮುಂದೆ ಇಷ್ಟು ಎಳೆದಿದ್ದರೆ ಹಿಂದೆ ಬಟ್ಟೆಗೆ ಬಟ್ಟೆ ಕೂಡಿರಲು ಸಾಧ್ಯವೇ ಇಲ್ಲ. ನಡುವೆ ಬೇರೆ ಏನೋ ಹಿಡಿದಿರಬೇಕು. ಏನೆಂದು ಯೋಚಿಸಲು ಅಕ್ಕನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ರಾಜ ಸಿಂಹಾಸನದ ಮೆಟ್ಟಿಲ ಕಡೆಗೆ ನಡೆಯುತ್ತಿದ್ದ. ಮೆಟ್ಟಿಲು ಹತ್ತುವವನು ಬೆನ್ನು ತೋರಿಸಲೇಬೇಕು.

“ಏಯ್,” ಎಂದಳು ಅಕ್ಕ, ಭಾವನ ಕಿವಿಗೆ ಎಟುಕದ ದನಿಯಲ್ಲಿ. “ಮಾಳಿಗೆ ಕೇಬಲ್ ಸಿಕ್ಕಿಸು.”

“ಅಕ್ಕಾ, ಚಿತ್ರ ಚೆನ್ನಾಗಿ ಬರ್ತಿದೆ.”

“ಅದೇ ಈಗ ತೊಂದರೆ.”

“ಎರಡು ಬೂಸ್ಟರ್ ಇದೆ ಅದರಲ್ಲಿ. ಒಡೆದುಹೋಗುತ್ತೆ.”

“ಇಷ್ಟು ದಿನ ಕೇಳದೇ ಒಡೆದೆಯಲ್ಲ. ಈಗ ಕೇಳ್ತಿದ್ದೀನಿ.”

ಜೀವಮಾನವೆಲ್ಲ ಮಬ್ಬನ್ನು ಉಜ್ಜಿದ ಮನುಷ್ಯ ಅವನು. ಅಂಗಡಿಯಲ್ಲಿ ಗಾಜಿನ ಮೇಲೆ ಒಂದು ಬೆರಳ ಗುರುತು ಉಳಿದರೆ ನಿದ್ದೆ ಬಾರದವನು. ಅಂಥವನು ಅಕ್ಕನ ಮುಖ ಒಮ್ಮೆ ನೋಡಿದ. ಅಲ್ಲಿ ಸಿಟ್ಟಿರಲಿಲ್ಲ. ಅವನಿಗೆ ಅಭ್ಯಾಸವೇ ಇಲ್ಲದ, ಬೇಡಿಕೊಳ್ಳುವ ನೋಟವಿತ್ತು. ಮಾಮ ಟಿವಿಯ ಹಿಂದೆ ಮಂಡಿಯೂರಿ, ಗೇಣುದ್ದದ ತಂತಿಯನ್ನು ಕಿತ್ತು, ದಪ್ಪ ಕೇಬಲ್ಲನ್ನು ಒತ್ತಿದ. ರಾಜನ ಬೆನ್ನು ನೂರು ಚೌಕಗಳಾಗಿ ಕೋಣೆಯ ತುಂಬ ಚೆಲ್ಲಾಡಿತು. ಅಲ್ಲಿ ಪಿನ್ನಿತ್ತೋ ಇಲ್ಲವೋ, ಟಿವಿಯ ಹಿಂದಿದ್ದವನಿಗೆ ಹೇಗೆ ಕಾಣಬೇಕು.

“ಏನಾಯ್ತೇ?” ಭಾವ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. “ಬೆನ್ನು ತಿರುಗಿಸೋ ಹೊತ್ತಿಗೇ ಹೋಯ್ತಲ್ಲ.”

“ಸಿಗ್ನಲ್ ಜಾಸ್ತಿ ಆಯ್ತು,” ಎಂದಳು ಅಕ್ಕ. “ಟವರ್ ಹತ್ತಿರ ಅಲ್ವಾ.”

“ಈಗ ತಾನೇ ಗಾಜಿನ ಹಾಗಿತ್ತು. ಇದ್ದಕ್ಕಿದ್ದ ಹಾಗೆ ಹೇಗೆ ಜಾಸ್ತಿ ಆಗುತ್ತೆ?” ಭಾವ ಕುರ್ಚಿಯಲ್ಲೇ ಬಗ್ಗಿ ಟಿವಿಯ ಹಿಂದಕ್ಕೆ ಇಣುಕಿದರು. “ಏನಯ್ಯಾ, ಊರಿಗೆಲ್ಲ ಹೇಳ್ತೀಯಲ್ಲ, ಸಿಗ್ನಲ್ ಜಾಸ್ತಿ ಆದ್ರೂ ಚಿತ್ರ ಕೆಡುತ್ತಾ? ನಿಜ ಹೇಳು.”

ಮಾಮ ಮಂಡಿಯೂರಿದ್ದಲ್ಲೇ ತಲೆ ಎತ್ತಿದ. ಮೂಗಿನ ಮೇಲೆ ಟಿವಿಯ ಹಿಂದಿನ ಧೂಳು. ಕೈಯಲ್ಲಿ ಗೇಣುದ್ದದ ತಂತಿ.

“ಎಲ್ಲಾ ಮೊದಲ ಪುಟದಲ್ಲೇ ಬರೆದಿದೆ ಭಾವ,” ಎಂದ. “ಯಾರೂ ಓದಲ್ಲ.”